ಅಂಗಡಿ ಗಂಡನದ್ದು, ಹೆಸರು ಯಾಕೆ ಹೆಂಡತಿಯದ್ದು?

ನಮಸ್ಕಾರ.

ಹೆನ್ರಿಯೆಟ್ಟಾ ಡುಟರ್ಟೆ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಕಾಗದ ತಲುಪಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಶವಸಂಸ್ಕಾರದ ವ್ಯಾಪಾರ ನಡೆಸಿದ ಈ ಕಪ್ಪು ಜನಾಂಗದ ಮಹಿಳೆಯನ್ನು ಆ ವ್ಯಾಪಾರದ ಮೊದಲ ಹೆಂಗಸು ಎಂದು ಅಲ್ಲಿ ಹೇಳಿತ್ತು. ನೀವು ಕೇಳಿರುವುದು ಇಷ್ಟು: "ಗಂಡ ಕಟ್ಟಿದ ಅಂಗಡಿ, ಅವನು ಸತ್ತ ಮೇಲೆ ಹೆಂಡತಿಗೆ ಬಂತು. ಇದರಲ್ಲಿ ಆಕೆಯ ಸಾಧನೆ ಏನು? ಶವಪೆಟ್ಟಿಗೆಯಲ್ಲಿ ಗುಲಾಮರನ್ನು ಸಾಗಿಸಿದಳು ಅನ್ನೋದು ಸಿನಿಮಾ ತರಹ ಇದೆ, ನಂಬಬಹುದಾ? ಅಂದ ಹಾಗೆ, ಈಗ ಅಲ್ಲಿ ಈ ಕೆಲಸದಲ್ಲಿ ಹೆಂಗಸರು ಇದ್ದಾರಾ?"

ಮೊದಲನೆಯದಕ್ಕೆ ಬರುತ್ತೇನೆ. ಗಂಡ ಫ್ರಾನ್ಸಿಸ್ ಡುಟರ್ಟೆ ಹೈಟಿ ಮೂಲದವನು, ಶವಪೆಟ್ಟಿಗೆ ಮಾಡುತ್ತಿದ್ದ. ಮದುವೆಯಾದದ್ದು 1852ರಲ್ಲಿ, ಅವನು ತೀರಿಕೊಂಡದ್ದು 1858ರಲ್ಲಿ. ಆಕೆಗೆ ಗೊತ್ತಿದ್ದದ್ದು ಹೊಲಿಗೆ. ಅಂಗಡಿ ಮಾರಿ ಮತ್ತೆ ಸೂಜಿ ಹಿಡಿಯಬಹುದಿತ್ತು. ಹಾಗೆ ಮಾಡಲಿಲ್ಲ. ದಶಕಗಟ್ಟಲೆ ತಾನೇ ನಡೆಸಿದಳು. ಆಮೇಲೆ ಅದು ಸೋದರಳಿಯನ ಕೈಗೆ ಹೋಯಿತು. ಗಂಡ ಪಾಯ ಹಾಕಿದ, ನಿಜ. ಮನೆ ಕಟ್ಟಿದ್ದು ಯಾರು ಅಂತ ನೀವೇ ಹೇಳಿ.

ಆದರೆ ನನಗೆ ಇದಕ್ಕಿಂತ ಮುಖ್ಯ ಅನಿಸುವ ಮಾತು ಬೇರೆ. ಹೆಣ ಮುಟ್ಟುವ ಹೆಂಗಸು ಆ ಊರಿಗೆ ಹೊಸಬಳೇನೂ ಅಲ್ಲ. ಆಗ ಸಾವು ಆಗುತ್ತಿದ್ದದ್ದು ಮನೆಯಲ್ಲೇ. ಮೈ ತೊಳೆಯುವುದು, ಬಟ್ಟೆ ತೊಡಿಸುವುದು, ಕೈಕಾಲು ನೆಟ್ಟಗೆ ಮಾಡಿ ಮಲಗಿಸುವುದು ಎಲ್ಲ ಹೆಂಗಸರ ಕೆಲಸ. ಕೂಲಿಗೆ ಇದನ್ನು ಮಾಡುವವರ ಹೆಸರುಗಳು ಫಿಲಡೆಲ್ಫಿಯಾದ ಹಳೆಯ ವಿಳಾಸ ಪುಸ್ತಕಗಳಲ್ಲೇ ಸಿಗುತ್ತವೆ. ಪೆಟ್ಟಿಗೆ ಮಾತ್ರ ಬಡಗಿಯದ್ದು, ಗಾಡಿ ಕುದುರೆಲಾಯದವನದ್ದು. ಇವೆಲ್ಲ ಒಂದೇ ಅಂಗಡಿಗೆ ಸೇರಿದಾಗ ಯಜಮಾನಿಕೆ ಗಂಡಸಿಗೆ ಹೋಯಿತು. ಹೆನ್ರಿಯೆಟ್ಟಾ ಕೂತದ್ದು ಆ ಯಜಮಾನನ ಕುರ್ಚಿಯಲ್ಲಿ. ಅಂದಿನ ಕಾನೂನಿನ ರೀತಿಯಲ್ಲಿ ಮದುವೆಯಾದ ಹೆಂಗಸು ತನ್ನ ಹೆಸರಲ್ಲಿ ಕರಾರು ಮಾಡಿಕೊಳ್ಳುವುದೇ ಕಷ್ಟ. ವಿಧವೆಗೆ ಆ ಅಡ್ಡಿ ಇರಲಿಲ್ಲ. ಗಂಡ ಬದುಕಿದ್ದರೆ ಇವತ್ತು ನಾವು ಆಕೆಯ ಹೆಸರೂ ಕೇಳುತ್ತಿರಲಿಲ್ಲವೇನೋ.

ಕಪ್ಪು ಜನರಿಗೂ ಈ ಕೆಲಸಕ್ಕೂ ಅಲ್ಲಿ ಹಳೆಯ ನಂಟು. 1793ರಲ್ಲಿ ಹಳದಿ ಜ್ವರ ಬಂದು ಫಿಲಡೆಲ್ಫಿಯಾದಲ್ಲಿ ಸುಮಾರು 5,000 ಜನ ಸತ್ತರು. ಅನುಕೂಲ ಇದ್ದವರು ಊರು ಬಿಟ್ಟರು. ರೋಗಿಗಳನ್ನು ನೋಡಿಕೊಂಡು, ಹೆಣ ಹೊತ್ತು ಹೂಳಿದವರಲ್ಲಿ ಕಪ್ಪು ಜನರ ಚರ್ಚಿನ ಮುಖಂಡರಾದ ಆಬ್ಸಲಮ್ ಜೋನ್ಸ್ ಮತ್ತು ರಿಚರ್ಡ್ ಆ್ಯಲನ್ ಕರೆತಂದ ಕಪ್ಪು ಜನರೇ ಜಾಸ್ತಿ. ಕೊನೆಗೆ ಸಿಕ್ಕಿದ್ದು ದುಡ್ಡು ಸುಲಿದರು ಎಂಬ ಆರೋಪ! ಅದಕ್ಕೆ ಇಬ್ಬರೂ ಮರುವರ್ಷ ಅಚ್ಚು ಹಾಕಿಸಿ ಲೆಕ್ಕ ಸಮೇತ ಉತ್ತರ ಕೊಟ್ಟರು. ಹೆನ್ರಿಯೆಟ್ಟಾ 1817ರಲ್ಲಿ ಹುಟ್ಟಿದ್ದು ಇಂಥ ಊರಿನ, ಗುಲಾಮರಲ್ಲದ ಕುಟುಂಬದಲ್ಲಿ. ಮನೆಯವರೂ ಸುಮ್ನೆ ಕೂರುವವರಲ್ಲ. ತಮ್ಮ ಥಾಮಸ್ ಬವರ್ಸ್ ಹೆಸರಾಂತ ಗಾಯಕ. ಕಪ್ಪು ಜನರನ್ನು ಬೇರೆ ಕೂರಿಸುವ ಸಭೆಯಲ್ಲಿ ಹಾಡುವುದಿಲ್ಲ ಎಂದು ಹಠ ಹಿಡಿದವನು.

ಇನ್ನು ಆ ಸಿನಿಮಾ ತರಹದ ಕಥೆ. ಫಿಲಡೆಲ್ಫಿಯಾದಲ್ಲಿ ಗುಲಾಮಗಿರಿ ಇರಲಿಲ್ಲ, ಆದರೆ ಗುಲಾಮರನ್ನು ಇಟ್ಟುಕೊಂಡಿದ್ದ ಮೇರಿಲ್ಯಾಂಡ್ ತೀರ ಹತ್ತಿರ. 1850ರ ಕಾನೂನಿನ ಪ್ರಕಾರ ಓಡಿ ಬಂದವರಿಗೆ ಸಹಾಯ ಮಾಡಿದರೆ 1,000 ಡಾಲರ್ ತನಕ ದಂಡ, 6 ತಿಂಗಳ ತನಕ ಜೈಲು. ವಿಚಾರಣೆ ಮಾಡುವ ಅಧಿಕಾರಿಯ ಶುಲ್ಕ ನೋಡಿ: ಸಿಕ್ಕವನನ್ನು ವಾಪಸ್ ಕಳಿಸಿದರೆ 10 ಡಾಲರ್, ಬಿಟ್ಟರೆ 5. ಇದರಲ್ಲಿ ನ್ಯಾಯ ಯಾವ ಕಡೆ ವಾಲುತ್ತದೆ ಅಂತ ಬೇರೆ ಹೇಳಬೇಕಾ?

ಪೆಟ್ಟಿಗೆಯೊಳಗೆ ಮನುಷ್ಯ ಬರುವುದು ಆ ಊರಿನಲ್ಲಿ ಆಗಲೇ ನಡೆದಿತ್ತು. 1849ರಲ್ಲಿ ಹೆನ್ರಿ ಬ್ರೌನ್ ಎಂಬ ಗುಲಾಮ ವರ್ಜೀನಿಯಾದ ರಿಚ್ಮಂಡ್‌ನಿಂದ ತನ್ನನ್ನೇ ಪಾರ್ಸೆಲ್ ಮಾಡಿಸಿಕೊಂಡು ಫಿಲಡೆಲ್ಫಿಯಾ ತಲುಪಿದ. 3 ಅಡಿ ಉದ್ದ, 2 ಅಡಿ ಅಗಲದ ಪೆಟ್ಟಿಗೆ. ಸುಮಾರು 27 ಗಂಟೆ. ನಡುವೆ ಕೂಲಿಯವರು ಅದನ್ನು ತಲೆಕೆಳಗಾಗಿ ಇಟ್ಟರು. ಒಳಗಿದ್ದವನು ಉಸಿರೆತ್ತುವಂತಿಲ್ಲ. ಅದಕ್ಕೆ ಹೋಲಿಸಿದರೆ ಶವಪೆಟ್ಟಿಗೆಯಲ್ಲಿ ಕಾಲು ಚಾಚಬಹುದು, ಅಲ್ವಾ?

ಹೆನ್ರಿಯೆಟ್ಟಾ ಕೆಲವರನ್ನು ಪೆಟ್ಟಿಗೆಯಲ್ಲಿ ಅಡಗಿಸಿದಳು, ಕೆಲವರನ್ನು ಶವಯಾತ್ರೆಯಲ್ಲಿ ದುಃಖಿಸುವ ನೆಂಟರಂತೆ ನಡೆಸಿಕೊಂಡು ಹೋದಳು ಎನ್ನುತ್ತಾರೆ. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು ಜಾಣತನದ್ದು. ಪೆಟ್ಟಿಗೆಯಲ್ಲಿ ಹಿಡಿಸುವುದು ಒಬ್ಬನೇ. ಮೆರವಣಿಗೆಗೆ ಎಷ್ಟು ಜನ ಬಂದರೂ ಯಾರೂ ಎಣಿಸುವುದಿಲ್ಲ. ಕಪ್ಪು ಬಟ್ಟೆ, ಮುಖದ ಮೇಲೆ ಕಪ್ಪು ಪರದೆ, ತಗ್ಗಿಸಿದ ತಲೆ. ಹೆಣದ ಹಿಂದೆ ಅಳುತ್ತಾ ಹೋಗುವ ಹೆಂಗಸನ್ನು ನಿಲ್ಲಿಸಿ "ನೀನ್ಯಾರು" ಅನ್ನಲು ಗುಲಾಮರ ಬೇಟೆಗೆ ಬಂದವನಿಗೂ ಬಾಯಿ ಬರುವುದು ಕಷ್ಟ. ಇಂಥ ಕೆಲಸಕ್ಕೆ ರಸೀದಿ ಹುಡುಕಬೇಡಿ. ಓಡಿ ಬಂದವರ ವಿವರ ಬರೆದಿಟ್ಟ ವಿಲಿಯಮ್ ಸ್ಟಿಲ್ ಕೂಡ ಆ ಕಾಗದಗಳನ್ನು ಬಚ್ಚಿಟ್ಟದ್ದು ಎಲ್ಲಿ ಗೊತ್ತಾ? ಫಿಲಡೆಲ್ಫಿಯಾದಲ್ಲೇ ಇದ್ದ ಲೆಬನಾನ್ ಎಂಬ ಸ್ಮಶಾನದ ಕಟ್ಟಡದ ಅಟ್ಟದಲ್ಲಿ.

ಗುಲಾಮಗಿರಿ ಹೋದ ಮೇಲೂ ಈ ಅಂಗಡಿಗಳ ಬಲ ಉಳಿಯಿತು. ಕಪ್ಪು ಜನರ ಫ್ಯೂನರಲ್ ಹೋಮಿಗೆ, ಅಂದರೆ ಶವಸಂಸ್ಕಾರದ ಅಂಗಡಿಗೆ, ಗಿರಾಕಿಗಳು ಕಪ್ಪು ಜನರೇ. ಬಿಳಿಯ ಧಣಿ ಕೆಲಸದಿಂದ ತೆಗೆಯುತ್ತಾನೆ ಎಂಬ ಹೆದರಿಕೆ ಇಲ್ಲ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಕೊಲೆಯಾದ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನ ಹೆಣ ಷಿಕಾಗೋಗೆ ಬಂದಾಗ ಪೆಟ್ಟಿಗೆ ತೆರೆಯಬಾರದೆಂಬ ಷರತ್ತಿತ್ತು. ತಾಯಿ ಕೇಳಲಿಲ್ಲ, ಫ್ಯೂನರಲ್ ಹೋಮಿನವನು ತೆರೆದ. ಸಾವಿರಾರು ಜನ ಆ ಮುಖ ನೋಡಿದರು. 1963ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ಗೆ ಜಾಮೀನು ಹಣ ಕಟ್ಟಿದ ಎ. ಜಿ. ಗ್ಯಾಸ್ಟನ್ ಕೂಡ ಇದೇ ವ್ಯಾಪಾರದಲ್ಲಿ ದುಡ್ಡು ಮಾಡಿದವನು.

ಕೊನೆಯ ಪ್ರಶ್ನೆಗೆ ಚುಟುಕಾಗಿ ಹೇಳುತ್ತೇನೆ. 1861ರಿಂದ 1865ರ ಅಂತರ್ಯುದ್ಧದಲ್ಲಿ ಸತ್ತ ಸೈನಿಕರನ್ನು ದೂರದ ಊರಿಗೆ ಕಳಿಸಲು ಹೆಣ ಕೆಡದಂತೆ ಔಷಧಿ ತುಂಬಿಸುವುದು ಶುರುವಾಯಿತು. ಲಿಂಕನ್‌ನ ದೇಹ ಹೀಗೆಯೇ ರೈಲಿನಲ್ಲಿ ಊರೂರು ದಾಟಿ ಇಲಿನಾಯ್‌ಗೆ ಹೋಯಿತು. ಆಮೇಲೆ ಕೋರ್ಸು, ಲೈಸೆನ್ಸು, ಸಂಘ ಎಲ್ಲ ಬಂದವು. ಮನೆಯಲ್ಲಿ ಹೆಣ ತೊಳೆಯುತ್ತಿದ್ದ ಹೆಂಗಸರು ಹಿಂದೆ ಸರಿದರು. ಈಗ ಗಾಳಿ ತಿರುಗಿದೆ. ಈ ಕೆಲಸ ಕಲಿಸುವ ಅಲ್ಲಿನ ಕಾಲೇಜುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೆಂಗಸರೇ. ಮನೆತನದ ಅಂಗಡಿಗೆ ಮಗಳು ಲೈಸೆನ್ಸ್ ತೆಗೆದುಕೊಂಡು ಬಂದು ಅಪ್ಪನ ಜಾಗದಲ್ಲಿ ಕೂರುವುದೂ ಈಗ ಮಾಮೂಲಿ.

– ಸಂ.