ಬೊಲೆರೋ ಟೈರು ಟ್ರೇಲರ್‌ಗೆ ಹಾಕಬಹುದಾ?

ಪ್ರಶ್ನೆ: ಗೋಣಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟದಲ್ಲೇ ಹೋಂಸ್ಟೇ ನಡೆಸುತ್ತಿದ್ದೇನೆ. ಇಬ್ಬರು ಮಲಗುವಂಥ ಕ್ಯಾಂಪಿಂಗ್ ಟ್ರೇಲರ್ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಒಂದೇ ಆಕ್ಸಲ್, 165/80 ಆರ್14 ಟೈರು. ಎಳೆಯುವ ಬೊಲೆರೋದ್ದು 215/75 ಆರ್15. ಅದೇ ಟೈರನ್ನು ಟ್ರೇಲರ್‌ಗೂ ಹಾಕಿಸಿದರೆ ಎರಡಕ್ಕೂ ಒಂದೇ ಸ್ಟೆಪ್ನಿ ಸಾಕು, ತೋಟದ ದಾರಿಯಲ್ಲಿ ತಳ ತಾಗುವುದೂ ತಪ್ಪುತ್ತದೆ ಅಂತ ನಮ್ಮ ಡ್ರೈವರ್ ಹೇಳುತ್ತಾನೆ. ಟೈರಿನ ಮೇಲೆ ಈಗ ನಾಲ್ಕು ಬೆರಳು ಜಾಗ ಇದೆ. ಆದರೆ ಎಡಗಡೆ ಚಕ್ರದ ಗೂಡಿನೊಳಗೆ ಆಗಲೇ ಉಜ್ಜಿದ ಕಪ್ಪು ಗುರುತು ಇದೆ. ಏನು ಮಾಡಲಿ?

ಉತ್ತರ: ಹಾಕಿಸಬೇಡಿ ಅಕ್ಕಾ. ನಿಮ್ಮ ಡ್ರೈವರ್ ಯೋಚನೆ ಕೆಟ್ಟದ್ದೇನಲ್ಲ, ಲೆಕ್ಕ ಮಾತ್ರ ಹಾಕಿಲ್ಲ.

165 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಅದರಲ್ಲಿ ನೂರಕ್ಕೆ 80 ಪಾಲು ಟೈರಿನ ಗೋಡೆಯ ಎತ್ತರ, ಅಂದರೆ 132. ಮೇಲೊಂದು ಕೆಳಗೊಂದು, 264. ನಡುವೆ 14 ಇಂಚಿನ ರಿಮ್, 356. ಒಟ್ಟು 620. ಬೊಲೆರೋ ಟೈರಿಗೂ ಹೀಗೇ ಲೆಕ್ಕ ಹಾಕಿದರೆ 704 ಬರುತ್ತದೆ. ವ್ಯತ್ಯಾಸ 84. ಅದರಲ್ಲಿ ಅರ್ಧ, 42 ಮಿ.ಮೀ., ಗಾಡಿಯನ್ನು ಮೇಲೆ ಎತ್ತುತ್ತದೆ. ಡ್ರೈವರ್ ನೋಡಿದ್ದು ಅದನ್ನೇ. ಇನ್ನರ್ಧ ನಿಮ್ಮ ನಾಲ್ಕು ಬೆರಳು ಜಾಗವನ್ನು ತಿನ್ನುತ್ತದೆ. ನಾಲ್ಕು ಬೆರಳು ಅಂದರೆ 70 ಮಿ.ಮೀ. ಇದ್ದೀತು. ಉಳಿಯುವುದು 28. ಒಂದು ಹಂಪ್ ಹಾರಿಸಿದರೆ ಪ್ಲೇಟು, ಅಂದರೆ ಆಕ್ಸಲ್ ಮೇಲಿನ ಪಟ್ಟಿ ಸ್ಪ್ರಿಂಗು, ಅದಕ್ಕಿಂತ ಜಾಸ್ತಿ ಬಗ್ಗುತ್ತದೆ. ಅಗಲದಲ್ಲೂ 50 ಮಿ.ಮೀ. ಹೆಚ್ಚು, ಒಳಗಡೆ ಪ್ಲೇಟಿಗೋ ಅದನ್ನು ಆಕ್ಸಲ್‌ಗೆ ಬಿಗಿದಿರುವ ಯು-ಬೋಲ್ಟಿಗೋ ಹೋಗಿ ತಾಗುತ್ತದೆ. ರಿಮ್ಮಿನ ತೂತುಗಳು ಹಬ್‌ಗೆ ಕೂರುತ್ತವಾ ಅನ್ನುವುದು ಬೇರೆಯೇ ತಲೆನೋವು.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಕುಶಾಲನಗರದಲ್ಲಿ ಗ್ಯಾರೇಜ್ ಹಾಕಿದ ಹೊಸತರಲ್ಲಿ ಒಬ್ಬರ ಟ್ರೇಲರ್‌ಗೆ ದೊಡ್ಡ ಟೈರು ಹಾಕಿ ಕಳಿಸಿದೆ. ಶೆಡ್ಡಿನಲ್ಲಿ ಖಾಲಿ ಗಾಡಿ ನಿಲ್ಲಿಸಿ ಟೇಪು ಹಿಡಿದು ಅಳೆದಿದ್ದೆ, ಚೆನ್ನಾಗೇ ಜಾಗ ಇತ್ತು. ಅವರು ಸಾಮಾನು ತುಂಬಿಕೊಂಡು ಭಾಗಮಂಡಲಕ್ಕೆ ಹೋದರು. ಮಳೆಗಾಲ ಬೇರೆ. ನಮ್ಮ ಕೆಂಪು ಮಣ್ಣು ಗೂಡಿನೊಳಗೆ ಮೆತ್ತಿಕೊಂಡರೆ ಗಟ್ಟಿ ಗಾರೆಯ ಹಾಗೆ ಕೂರುತ್ತದೆ, ಇದ್ದ ಜಾಗವನ್ನೂ ತಿನ್ನುತ್ತದೆ. ವಾಪಸ್ ಬಂದಾಗ ನೋಡಿದರೆ ಗೂಡಿನ ಪ್ಲೈವುಡ್ಡು ತೂತು. ಮಂಚದ ಕೆಳಗಿದ್ದ ಅಕ್ಕಿ ಚೀಲದ ತುಂಬ ಕೆಸರು. ಲೈಟಿನ ವೈರು ಸುಲಿದು ತಾಮ್ರ ಹೊಳೆಯುತ್ತಿತ್ತು. ಅದೊಂದು ನೋಡಿ ಮಾತ್ರ ನನಗೆ ನಿಜಕ್ಕೂ ಹೆದರಿಕೆ ಆಯ್ತು. ಪ್ಲೈವುಡ್ಡಿನ ದುಡ್ಡು ನಾನೇ ಕೊಟ್ಟೆ. ಆಮೇಲೆ ತುಂಬಿದ ಗಾಡಿಗೆ ಮೇಲ್ಗಡೆ ಮೂರು ಇಂಚು ಉಳಿಯದಿದ್ದರೆ ನಾನು ಟೈರು ಹಾಕುವುದಿಲ್ಲ.

ಈಗ ನಿಮ್ಮ ಕಪ್ಪು ಗುರುತಿಗೆ ಬರೋಣ. ಇರುವ ಟೈರೇ ಎಡಗಡೆ ತಾಗುತ್ತಿದೆ, ಬಲಗಡೆ ಇಲ್ಲ. ಅಂದರೆ ತಪ್ಪು ಟೈರಿನದ್ದಲ್ಲ. ನೀರಿನ ಟ್ಯಾಂಕು ಎಡಗಡೆ ಇದೆಯಾ ನೋಡಿ. ನೂರು ಲೀಟರ್ ನೀರು ನೂರು ಕೆ.ಜಿ., ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್ ಇಟ್ಟಿದ್ದರೆ ಇನ್ನೂ ಭಾರ. ಸಿಲಿಂಡರನ್ನು ಬಲಕ್ಕೆ ಸಾಗಿಸಿ. ಆಮೇಲೆ ಸಮತಟ್ಟು ಅಂಗಳದಲ್ಲಿ ನಿಲ್ಲಿಸಿ, ಟ್ಯಾಂಕು ತುಂಬಿಸಿ, ಹಾಸಿಗೆ ಪಾತ್ರೆ ಎಲ್ಲ ಇಟ್ಟು ಎರಡೂ ಕಡೆ ಅಳೆಯಿರಿ. ಎಡಗಡೆ ಒಂದು ಇಂಚು ಕಡಿಮೆ ಬಂದರೆ ಪ್ಲೇಟು ಸೋತಿದೆ. ಎರಡೂ ಕಡೆ ಜೋಡಿಯಾಗಿ ಬದಲಿಸಿ, ಒಂದೇ ಕಡೆ ಮಾತ್ರ ಬೇಡ. ತಳ ತಾಗುವುದೂ ಅದರಿಂದಲೇ ಸುಮಾರು ಕಡಿಮೆ ಆಗುತ್ತದೆ.

ಓಡುವಾಗ ಎಷ್ಟು ಜಾಗ ಉಳಿಯುತ್ತದೆ ಅಂತ ತಿಳಿಯಬೇಕಾ? ಗೂಡಿನ ಮೇಲ್ಗಡೆ, ಟೈರಿನ ನೇರಕ್ಕೆ, ಜೇಡಿಮಣ್ಣಿನ ಉಂಡೆ ಒಂದು ಗಟ್ಟಿಯಾಗಿ ಮೆತ್ತಿ. ತುಂಬಿದ ಗಾಡಿಯನ್ನು ಎರಡು ಮೂರು ಹಂಪ್ ಮೇಲೆ ನಿಧಾನಕ್ಕೆ, ಆಮೇಲೆ ನೀವು ದಿನಾ ಹೋಗುವ ವೇಗದಲ್ಲಿ ಎಳೆಸಿ. ಚಪ್ಪಟೆಯಾದ ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮ್ಮ ನಿಜವಾದ ಜಾಗ. ಟೇಪಿಗಿಂತ ನನಗೆ ಈ ಉಂಡೆಯ ಮೇಲೆ ನಂಬಿಕೆ ಜಾಸ್ತಿ.

ಇನ್ನೊಂದು ಮಾತು. ಟ್ರೇಲರ್‌ನಲ್ಲಿ ಬ್ರೇಕ್ ಇದ್ದರೆ, ಟೈರು ಅಷ್ಟು ದೊಡ್ಡದಾದರೆ ಅದರ ಹಿಡಿತ ಸುಮಾರು ಎಂಟರಲ್ಲಿ ಒಂದು ಪಾಲು ಕಡಿಮೆ ಆಗುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಅದು ಸಣ್ಣ ಮಾತಲ್ಲ.

ಭಾರಕ್ಕೆ ಇರುವ ಸೈಜೇ ಸಾಲುತ್ತದೆ. ಟೈರಿನ ಮೇಲೆ ಸೈಜಿನ ಪಕ್ಕ 85 ಅಂತ ಇದ್ದರೆ ಒಂದೊಂದು ಟೈರು 515 ಕೆ.ಜಿ. ಹೊರುತ್ತದೆ. ನಿಮ್ಮಂಥ ಚಿಕ್ಕ ಟ್ರೇಲರ್‌ಗೆ ಸಾಕಾಗುತ್ತದೆ, ಆದರೂ ಒಂದು ಸಲ ವೇಬ್ರಿಜ್‌ನಲ್ಲಿ ತೂಗಿಸಿ ಬಿಡಿ. ಟೈರಿನ ಟ್ರೆಡ್ ಸವೆದಿಲ್ಲ ಅಂತ ಮೋಸ ಹೋಗಬೇಡಿ, ಮರದ ಕೆಳಗೆ ನಿಂತೇ ಹಾಳಾಗುವ ಟೈರು ಇದು. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿ ಸಣ್ಣ ಬಿರುಕು ಕಂಡರೆ ಅದೇ ಸೈಜಿನ ಮೂರು ಹೊಸದು ತಗೊಳ್ಳಿ, ಸ್ಟೆಪ್ನಿಗೂ ಸೇರಿಸಿ. ಮೂರನೆಯದು ಬೊಲೆರೋ ಕ್ಯಾರಿಯರ್ ಮೇಲೆ ಬಿದ್ದಿರಲಿ. ಡ್ರೈವರ್ ಗೊಣಗಿದರೆ ನನಗೆ ಫೋನ್ ಮಾಡಿಸಿ.