ನಿಮ್ಮ ಟೂಸ್ಟ್ರಿಂಗ್ ಲೇಖನದ ಬಗ್ಗೆ

ನಮಸ್ಕಾರ. ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಟೂಸ್ಟ್ರಿಂಗ್ (toString, ಒಂದು ಆಬ್ಜೆಕ್ಟನ್ನು ಓದುವ ಅಕ್ಷರಗಳಾಗಿ ಕೊಡುವ ಮೆಥಡ್) ಓವರ್‌ರೈಡ್ ಮಾಡುವುದು, ಅಂದರೆ ನಮಗೆ ಬೇಕಾದ ಹಾಗೆ ಮತ್ತೆ ಬರೆಯುವುದು, ಹೇಗೆ ಅಂತ ನೀವು ಕಾಪುವಿನಿಂದ ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಿಕ್ಕೆ ಆಗುವುದಿಲ್ಲ. ಆದರೆ ಬಿಟ್ಟುಬಿಡುವ ಲೇಖನವೂ ಅಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆಯಿರಿ. ಕ್ಲಾಸ್ ಅಂದರೇನು, ಇನ್‌ಹೆರಿಟೆನ್ಸ್ ಅಂದರೇನು ಅಂತ ಪರೀಕ್ಷೆಯ ನೋಟ್ಸ್ ಓದಿದ ಹಾಗಾಯಿತು. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ, ಮಲ್ಪೆ ಬಂದರಿನ ಲೆಕ್ಕಕ್ಕೆ ಅಂತ ‘ಮೀನು’ ಕ್ಲಾಸ್ (ಒಂದು ಮೀನಿನ ವಿವರ ಇಡುವ ಅಚ್ಚು) ಬರೆದು, ಬಂಗುಡೆ ಅಂತ ಹೆಸರು, ದರ ಎಲ್ಲ ತುಂಬಿಸಿ ಪ್ರಿಂಟ್ ಮಾಡಿದರೆ ಪರದೆ ಮೇಲೆ ‘ಮೀನು@’ ಮತ್ತು ಅದಕ್ಕೊಂದು ತಲೆಬುಡ ಇಲ್ಲದ ಬಾಲ ಬಂದಲ್ಲಿ. ಬಂಗುಡೆ ಎಲ್ಲಿ ಹೋಯಿತು ಮಾರಾಯ್ರೇ ಅಂತ ಓದುವವರಿಗೂ ಅನಿಸುತ್ತದೆ, ಅಲ್ವಾ? ಅಲ್ಲಿಂದಲೇ ಶುರು ಮಾಡಿ.

ಆ ಬಾಲವನ್ನು ‘ಮೆಮೊರಿ ವಿಳಾಸ’ ಅಂದಿದ್ದೀರಿ. ಅಲ್ಲ. ಎಲ್ಲ ಕ್ಲಾಸ್‌ಗಳಿಗೂ ಮೇಲಿರುವ ಆಬ್ಜೆಕ್ಟ್ ಕ್ಲಾಸ್‌ನ ಟೂಸ್ಟ್ರಿಂಗ್ ಕೊಡುವುದು ಕ್ಲಾಸ್ ಹೆಸರು, ಒಂದು @, ಆಮೇಲೆ ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) ಬರೆದ ಹ್ಯಾಶ್‌ಕೋಡ್, ಅಂದರೆ ಆ ಆಬ್ಜೆಕ್ಟಿಗೆ ಜಾವಾ ಕೊಡುವ ಒಂದು ಸಂಖ್ಯೆ. ನಿಮಗೆ ದರ ಬೇಕೋ ಹೆಸರು ಬೇಕೋ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು, ಪಾಪ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಟೂಸ್ಟ್ರಿಂಗ್ ಒಳಗೇ ಪ್ರಿಂಟ್ ಮಾಡಿ, ಕೊನೆಗೆ ಖಾಲಿ ಸ್ಟ್ರಿಂಗ್ (ಅಕ್ಷರಗಳ ಸಾಲು) ರಿಟರ್ನ್ ಮಾಡಿದ್ದೀರಿ, ಅಂದರೆ ಕರೆದವರಿಗೆ ವಾಪಸ್ ಕೊಟ್ಟಿದ್ದೀರಿ. ಪರದೆ ಮೇಲೆ ಸರಿಯಾಗಿಯೇ ಕಾಣುತ್ತದೆ, ಮೋಸ ಇರುವುದೇ ಅಲ್ಲಿ. ನಾಳೆ ಅದೇ ಮೀನನ್ನು ಬಿಲ್ಲಿನ ಸಾಲಿಗೆ + ಹಾಕಿ ಸೇರಿಸಿದರೆ ಬಿಲ್ಲಿನಲ್ಲಿ ಬಂಗುಡೆಯೂ ಇಲ್ಲ, ದರವೂ ಇಲ್ಲ. ಸ್ಟ್ರಿಂಗ್ ಕಟ್ಟಿ ಕೊಡುವುದಷ್ಟೇ ಅದರ ಕೆಲಸ, ಪ್ರಿಂಟ್ ಮಾಡುವುದೋ ಫೈಲಿಗೆ ಬರೆಯುವುದೋ ಕರೆದವರ ಇಷ್ಟ. ರಿಟರ್ನ್ ಹೆಸರು + " ಕಿಲೋಗೆ " + ದರ ಅಂತ ಒಂದು ಸಾಲು ಸಾಕು.

ಮೆಥಡ್‌ನ ಮೇಲೆ @ಓವರ್‌ರೈಡ್ (ಇದು ಮೇಲಿನ ಕ್ಲಾಸ್‌ನ ಮೆಥಡನ್ನೇ ಮತ್ತೆ ಬರೆದದ್ದು ಅಂತ ಹೇಳುವ ಗುರುತು) ಯಾಕೆ ಬರೆದಿಲ್ಲ? ಕಡ್ಡಾಯ ಅಲ್ಲ, ನಿಜ. 2004ರಲ್ಲಿ ಜಾವಾ 5ರ ಜೊತೆ ಬಂದದ್ದು. ಆದರೆ ಐದನೇ ಪುಟದ ಕೋಡ್‌ನಲ್ಲಿ ನೀವೇ ದೊಡ್ಡ ‘ಎಸ್’ ಇರಬೇಕಾದಲ್ಲಿ ಸಣ್ಣದು ಹಾಕಿದ್ದೀರಿ. ಇದು ಬೇರೆಯೇ ಮೆಥಡ್ ಅಂದುಕೊಂಡು ಕಂಪೈಲರ್ (ಕೋಡನ್ನು ಪರಿಶೀಲಿಸಿ ಓಡುವ ಹಾಗೆ ಮಾಡುವ ಪ್ರೋಗ್ರಾಂ) ಸುಮ್ನೆ ಇರುತ್ತದೆ, ಪರದೆ ಮೇಲೆ ಮತ್ತೆ ಅದೇ ಬಾಲ. @ಓವರ್‌ರೈಡ್ ಇದ್ದಿದ್ದರೆ ಅಲ್ಲೇ ಬೈಯುತ್ತಿತ್ತು. ಆ ತಪ್ಪನ್ನೇ ಉದಾಹರಣೆ ಮಾಡಿ ಬರೆಯಿರಿ. ನಾಚಿಕೆ ಬೇಡ, ಕಲಿಯುವಾಗ ನನ್ನದೂ ಒಂದು ಸಂಜೆ ಇಡೀ ಇದರಲ್ಲೇ ಹೋಗಿತ್ತು.

ಹೊಸ ಜಾವಾದ ರೆಕಾರ್ಡ್‌ಗಳಲ್ಲಿ (ಬರೀ ವಿವರ ಇಡಲಿಕ್ಕಿರುವ ಚಿಕ್ಕ ಕ್ಲಾಸ್‌ಗಳಲ್ಲಿ) ಟೂಸ್ಟ್ರಿಂಗ್ ತಾನಾಗಿಯೇ ಬರುತ್ತದೆ ಅನ್ನುವ ಕೊನೆಯ ಪ್ಯಾರಾ ಇರಲಿ, ಎರಡೇ ಸಾಲು. ತಿದ್ದಿ ಕಳಿಸಿ. ಮತ್ತೆ, ಕೋಡ್‌ನ ಫೋಟೋ ಬೇಡ, ಟೈಪ್ ಮಾಡಿ.