ಹಳೆಯ ಸೂಪರ್‌ಹೀರೋ ಕಾಮಿಕ್ಸ್‌ಗಳನ್ನು ಈಗಲೇ ಮಾರಬೇಕೇ, ಬೆಲೆ ಏರುವವರೆಗೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಕೇ?

ಸಾಗರದ ಮನೆಗೆ ಹೊಸ ಹಂಚು ಹೊದೆಸುವ ಮೊದಲು ಅಟ್ಟ ಖಾಲಿಯಾಗಬೇಕೆಂದು ಮನೆಯವರು ಒತ್ತಾಯಿಸುತ್ತಿದ್ದಾರೆ, ನೀವು ಕಾಮಿಕ್ಸ್‌ಗಳಿಗೆ ಪ್ಲಾಸ್ಟಿಕ್ ಕವರು ಹುಡುಕುತ್ತಿದ್ದೀರಿ ಎಂದು ಬರೆದಿದ್ದೀರಿ. ಆ ಕವರುಗಳ ಮಾತು ಓದಿಯೇ ಉತ್ತರ ಬರೆಯಲು ಕುಳಿತೆ. ನನ್ನ ಸಂಗ್ರಹ ಹಾಳಾದದ್ದು ಅವುಗಳಿಂದ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಊರು. ಅಪ್ಪ ಅಡಿಕೆ ಮಂಡಿಯ ಕೆಲಸಕ್ಕೆಂದು ಶಿವಮೊಗ್ಗಕ್ಕೆ ಹೋದಾಗಲೆಲ್ಲ ಬಸ್ ನಿಲ್ದಾಣದ ಅಂಗಡಿಯಿಂದ ಒಂದು ಇಂದ್ರಜಾಲ ಕಾಮಿಕ್ಸ್ ತರುತ್ತಿದ್ದರು. 1964ರಲ್ಲಿ ಫ್ಯಾಂಟಮ್ ಕಥೆಯಿಂದಲೇ ಆರಂಭವಾಗಿ 1990ರಲ್ಲಿ ನಿಂತುಹೋದ ಆ ಮಾಲೆಯಲ್ಲಿ ಫ್ಯಾಂಟಮ್ ಇರುವ ನಾಡಿಗೆ ದೆಂಕಾಲಿ ಎಂಬ ಹೆಸರಿತ್ತು. ಅದು ಘಟ್ಟದ ಕೆಳಗೆಲ್ಲೋ ಇರಬೇಕೆಂದು ನಾನು ಬಹಳ ಕಾಲ ನಂಬಿದ್ದೆ. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಮುಸುಕುಧಾರಿ, ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಹಿರಿಯ ಎಂಬುದನ್ನು ಸಿಕ್ಕಿದವರಿಗೆಲ್ಲ ಇಂದಿಗೂ ಹೇಳುತ್ತೇನೆ. ಅದೇ ಮಾಲೆಯಲ್ಲಿ ಬರುತ್ತಿದ್ದ, ಆಬಿದ್ ಸುರ್ತಿಯವರು ಸೃಷ್ಟಿಸಿದ ನಾಯಕ ಬಹಾದ್ದೂರ್ ಕೂಡ ನನಗೆ ಅಷ್ಟೇ ಪ್ರಿಯ. ಕೆಲಸ ಸಿಕ್ಕಿದ ಮೇಲೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಗಳಲ್ಲಿ ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್‌ಗಳ ಮರುಮುದ್ರಣಗಳನ್ನು ಹೆಕ್ಕಿ ತರುವುದು ರೂಢಿಯಾಯಿತು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಪುಸ್ತಕಗಳು ಕೈಯಿಂದ ಕೈಗೆ ಹೋಗುತ್ತಿದ್ದವು, ಕೆಲವು ತಿರುಗಿ ಬರುತ್ತಿರಲಿಲ್ಲ.

2014ರಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಆಕ್ಷನ್ ಕಾಮಿಕ್ಸ್‌ನ 1938ರ ಪ್ರತಿಯೊಂದು 32 ಲಕ್ಷ ಡಾಲರಿಗೆ ಹರಾಜಾಯಿತು. ಹತ್ತು ಸೆಂಟಿನ ಪುಸ್ತಕಕ್ಕೆ ಅಷ್ಟು ಬೆಲೆ ಬಂದದ್ದು ಅದು ಹೊಸದರಂತೆ ಉಳಿದಿದ್ದರಿಂದ ಎಂದು ಓದಿದ ಮೇಲೆ ನನ್ನ ತಲೆ ನಿಲ್ಲಲಿಲ್ಲ. ಪುನರ್ವಸು ಮಳೆ ಹೊಡೆಯುತ್ತಿದ್ದ ವಾರ ರಜೆ ಹಾಕಿ ಊರಿಗೆ ಹೋದೆ. ಒಂದೊಂದೇ ಸಂಚಿಕೆಯನ್ನು ಪಾಲಿಥೀನ್ ಕವರಿಗೆ ಹಾಕಿ, ಬಾಯಿಗೆ ಟೇಪು ಅಂಟಿಸಿ, ನುಸಿಗುಳಿಗೆ ಉದುರಿಸಿ, ತಗಡಿನ ಟ್ರಂಕಿನಲ್ಲಿ ತುಂಬಿ, ಹಂಚಿನ ಅಡಿಯ ಅಟ್ಟಕ್ಕೆ ಏರಿಸಿದೆ. ಅಮ್ಮ ಕೆಳಗಿನಿಂದ, “ಅಪ್ಪಿ, ಗಾಳಿ ಆಡದಿದ್ರೆ ಅಡಿಕೆಗೂ ಬೂಷ್ಟು ಹಿಡೀತದೆ” ಎಂದರು. ಅಡಿಕೆಯೇ ಬೇರೆ, ಇದೇ ಬೇರೆ ಎಂದು ಉತ್ತರಿಸಿದೆ.

ಆದದ್ದೇನೆಂಬುದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಮಾಡಹೊರಟಿರುವುದೂ ಅದನ್ನೇ. ಕಾಗದ ಸುತ್ತಲಿನ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅಗ್ಗದ ಕಾಮಿಕ್ಸ್‌ಗೆ ಬಳಸುವ ನ್ಯೂಸ್‌ಪ್ರಿಂಟ್ ಅಂತೂ ಇನ್ನೂ ಬೇಗ. ಮಳೆಗಾಲದಲ್ಲಿ ಕಟ್ಟಿದ ಕವರಿನೊಳಗೆ ಮಳೆಗಾಲದ ತೇವವೇ ಸೇರಿಕೊಂಡಿತು. ಟೇಪು ಅಂಟಿಸಿದ್ದರಿಂದ ಬೇಸಿಗೆಯಲ್ಲೂ ಅದಕ್ಕೆ ಹೊರಹೋಗಲು ದಾರಿಯಿರಲಿಲ್ಲ. ಹಗಲು ಹಂಚು ಕಾದಾಗ ಕಾಗದ ಬಿಟ್ಟ ತೇವ ರಾತ್ರಿ ತಂಪಾದಾಗ ಕವರಿನ ಒಳಮೈಗೆ ಹನಿಯಾಗಿ ಕೂತು ಪುನಃ ಕಾಗದಕ್ಕೇ ಇಳಿಯಿತು. ನುಸಿಗುಳಿಗೆ ಹುಳುಗಳನ್ನು ಓಡಿಸಬಹುದು, ಬೂಷ್ಟನ್ನು ತಡೆಯಲಾರದು. ಅದನ್ನೇ ಚಳಿಗಾಲ ಕಳೆದು, ಕಾಗದ ಗರಿಗರಿಯಾಗಿರುವ ಶಿವರಾತ್ರಿಯ ಹೊತ್ತಿಗೆ, ಕವರಿನ ಬಾಯಿ ತೆರೆದೇ ಇಟ್ಟು ಮಾಡಿದ್ದರೆ ಬಹುಶಃ ಅರ್ಧದಷ್ಟಾದರೂ ಉಳಿಯುತ್ತಿದ್ದವು.

ಕೆಲವು ಮಳೆಗಾಲ ಕಳೆದು ಟ್ರಂಕು ತೆರೆದಾಗ ಮೊದಲು ಕೈಗೆ ಬಂದದ್ದು ಒಂದು ಫ್ಯಾಂಟಮ್ ಸಂಚಿಕೆ. ಪಿನ್ನುಗಳು ತುಕ್ಕು ಹಿಡಿದು ಕರಗಿ, ನಡುಪುಟದಲ್ಲಿ ಎರಡು ಕಂದು ತೂತುಗಳಾಗಿದ್ದವು. ಮುಖಪುಟದ ಬಣ್ಣ ಕವರಿಗೆ ಅಂಟಿಕೊಂಡು, ಎಳೆದರೆ ಫ್ಯಾಂಟಮ್‌ನ ಮುಖವೇ ಪ್ಲಾಸ್ಟಿಕ್ಕಿನ ಜೊತೆ ಎದ್ದುಬರುತ್ತಿತ್ತು. ನುಣುಪು ಕಾಗದದ ಮರುಮುದ್ರಣಗಳು ಪುಟಕ್ಕೆ ಪುಟ ಅಂಟಿ ಹಲಗೆಯಾಗಿದ್ದವು. ತಂಗಿಯ ಮಗನಿಗೆ ಮುಟ್ಟಬೇಡವೆಂದು ಗದರಿದ್ದೆ; ಅವನು ನನಗೆ ತಿಳಿಯದಂತೆ ಎತ್ತಿಕೊಂಡು ಹೋಗಿದ್ದ ಒಂದಿಷ್ಟು ಮಾತ್ರ, ಮೂಲೆ ಮಡಚಿ, ಎಣ್ಣೆ ಕಲೆಯಾಗಿ, ಚೆನ್ನಾಗಿಯೇ ಇವೆ.

ಈಗ ನಿಮ್ಮ ಪ್ರಶ್ನೆ. ಮಾರುವುದೋ ಕಾಯುವುದೋ ಎಂದು ಕೇಳಿದ್ದೀರಿ. ಕಾದರೆ ಬೆಲೆ ಬರುತ್ತದೆ ಎಂಬ ನಂಬಿಕೆಯನ್ನೇ ನಾನು ಒಪ್ಪುವುದಿಲ್ಲ. 1938ರ ಆ ಸಂಚಿಕೆ ದುರ್ಲಭವಾದದ್ದು ಯಾರೂ ಅದನ್ನು ಕಾಪಾಡದೆ ಇದ್ದುದರಿಂದ: ಮಕ್ಕಳು ಓದಿ ಎಸೆದರು, ಯುದ್ಧಕಾಲದಲ್ಲಿ ರದ್ದಿಗೂ ಹೋಯಿತು. ಎಲ್ಲರೂ ಕಾಪಾಡತೊಡಗಿದಾಗ ಏನಾಯಿತೆಂಬುದಕ್ಕೆ ತೊಂಬತ್ತರ ದಶಕದ ಅಮೆರಿಕವೇ ಸಾಕ್ಷಿ. 1991ರ ಎಕ್ಸ್-ಮೆನ್ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಮರುವರ್ಷ ಸೂಪರ್‌ಮ್ಯಾನ್ ಸಾಯುವ ಸಂಚಿಕೆಯನ್ನು ಕಪ್ಪು ಕವರಿನಲ್ಲಿ ಮುಚ್ಚಿಯೇ ಮಾರಿದರು, ಜನ ತೆರೆಯದೆ ಎತ್ತಿಟ್ಟರು. ಇಂದು ಆ ಎರಡೂ ಅಲ್ಲಿ ಅಗ್ಗಕ್ಕೇ ಸಿಗುತ್ತವೆ. ಆ ಭರಾಟೆ ಇಳಿದ ಮೇಲೆ ಎಕ್ಸ್-ಮೆನ್ ಪ್ರಕಟಿಸುತ್ತಿದ್ದ ಮಾರ್ವೆಲ್ ಸಂಸ್ಥೆಯೇ 1996ರಲ್ಲಿ ದಿವಾಳಿ ಅರ್ಜಿ ಹಾಕಿತು.

ಹೊಸ ಸಿನಿಮಾಗಳು ಬಂದಂತೆ ಬೆಲೆ ಏರುತ್ತದೆ ಎಂದೂ ಬರೆದಿದ್ದೀರಿ. ಏರುವುದು ಪಾತ್ರ ಮೊದಲು ಬಂದ ಮೂಲ ಸಂಚಿಕೆಗೆ. ನಮ್ಮಲ್ಲಿರುವ ಮರುಮುದ್ರಣಗಳಿಗೆ ಆ ಬಿಸಿ ತಟ್ಟುವುದಿಲ್ಲ. ಅಷ್ಟಕ್ಕೂ ಈ ಹಣ ಯಾರ ಕೈ ಸೇರಿತೆಂದು ನೋಡಿ. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್ ಅವನ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಅವರಿಗೆ ವರ್ಷಾಶನ ಸಿಗಲು, ಹೆಸರಿನ ಮನ್ನಣೆ ಮರಳಿ ಬರಲು 1975 ಬರಬೇಕಾಯಿತು, ಅದೂ ಸಿನಿಮಾ ತಯಾರಾಗುತ್ತಿದ್ದಾಗ. ಆ 130 ಡಾಲರ್ ಸೇರಿದ್ದ ಚೆಕ್ಕೇ 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತು. ಬ್ಯಾಟ್‌ಮ್ಯಾನ್‌ನ ಸೃಷ್ಟಿಯಲ್ಲಿ ಪಾಲಿದ್ದ ಬಿಲ್ ಫಿಂಗರ್‌ಗೆ ಅಧಿಕೃತ ಮನ್ನಣೆ ದೊರೆತದ್ದು 2015ರಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷ ದಾಟಿದ ಮೇಲೆ. ಬರೆದವರಿಗೇ ದಕ್ಕದ ಲಾಭವನ್ನು ಸಾಗರದ ಅಟ್ಟದಲ್ಲಿ ಕುಳಿತು ಕಾಯುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ಆದ್ದರಿಂದ ಕವರು ಕೊಳ್ಳಬೇಡಿ. ಒಂದೇ ಸಂಚಿಕೆಯ ಎರಡು ಪ್ರತಿಗಳಿದ್ದರೆ ಒಂದನ್ನು ಈಗಲೇ ಮಾರಿ, ಸಿಕ್ಕಷ್ಟು ಸಾಕು. ಉಳಿದವನ್ನು ಅಟ್ಟದಿಂದ ಇಳಿಸಿ, ಹೊರಗೋಡೆಗೆ ತಾಗದ ಮರದ ಕಪಾಟಿನಲ್ಲಿ ನೇರವಾಗಿ ನಿಲ್ಲಿಸಿ. ಬಿಸಿಲಿಗೆ ಹರಡಬೇಡಿ, ನ್ಯೂಸ್‌ಪ್ರಿಂಟ್ ಬಿಸಿಲಿಗೆ ಹಳದಿಯಾಗಿ ಮುರಿಯುತ್ತದೆ. ನೆರಳಿನ ಗಾಳಿಯೇ ಸಾಕು. ಬೂಷ್ಟು ಹಿಡಿದವು ಕಂಡರೆ ಮೊದಲು ಬೇರೆ ಮಾಡಿ, ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಮೆತ್ತನೆಯ ಕುಂಚದಿಂದ ಒರೆಸಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಕಪಾಟಿಗೆ ಬೀಗ ಹಾಕಬೇಡಿ. ಹಂಚಿನ ಕೆಲಸದವರು ಬರುವ ಹಿಂದಿನ ದಿನಕ್ಕೆ ಇದನ್ನೆಲ್ಲ ಉಳಿಸಿಕೊಳ್ಳದೆ ಈ ಭಾನುವಾರವೇ ಟ್ರಂಕು ಇಳಿಸಿಬಿಡಿ.